ವೇರಾಳ ಪಾತ್ರ

ಇಲ್ಯಾ ಕನ್ನಡ ಮರೆತದ್ದು ಒಂದು ಸೋಮವಾರ ಬೆಳಿಗ್ಗೆ, ಎನ್.ಆರ್. ಕಾಲೋನಿಯ ಬಾಡಿಗೆ ಮನೆಯ ಅಡುಗೆಮನೆಯಲ್ಲಿ. ಗಂಗರತ್ನ ಹಾಲು ಕಾಯಿಸುತ್ತಿದ್ದಳು. ಗಂಡ ಹಿಂದಿನಿಂದ ಬಂದು ಏನೋ ಅಂದ. ಮೂವತ್ತಕ್ಕೂ ಹೆಚ್ಚು ವರ್ಷ ಅವಳ ಜೊತೆ ಚಾಮರಾಜಪೇಟೆ ಗಲ್ಲಿಯ ಕನ್ನಡದಲ್ಲೇ ಜಗಳವಾಡಿದ, ನಕ್ಕ, ಸಾರಿಗೆ ಉಪ್ಪು ಕಮ್ಮಿಯೆಂದು ಗೊಣಗಿದ ಮನುಷ್ಯ ಅವತ್ತು ರಷ್ಯನ್ನಿನಲ್ಲಿ ಮಾತಾಡಿದ.

"ರೀ, ಬೆಳಬೆಳಿಗ್ಗೆ ಏನ್ರೀ ನಿಮ್ಮ ನಾಟ್ಕ?" ಎಂದು ತಿರುಗಿ ನೋಡಿದರೆ ಅವನ ತುಟಿಯ ಬಲಗಡೆ ಜೋತುಬಿದ್ದಿತ್ತು. ಬಲಗೈ ಗೋಡೆಗೆ ಒರಗಿ ಜಾರುತ್ತಿತ್ತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವಳು ಗಂಡನನ್ನು ತಬ್ಬಿ ಹಿಡಿದುಕೊಂಡು, ತಮ್ಮ ಶಶಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮೆದುಳಿಗೆ ಸ್ಟ್ರೋಕ್ ಆಗಿದೆ ಎಂದರು. "ದೊಡ್ಡವರಾದ್ಮೇಲೆ ಕಲಿತ ಭಾಷೆ ಕೆಲವರಿಗೆ ಹೊರಟೋಗುತ್ತಮ್ಮ, ಹುಟ್ಟುಭಾಷೆ ಮಾತ್ರ ಉಳ್ಕೊಳತ್ತೆ. ಮನೇಲಿ ರಷ್ಯನ್ ಬರೋರು ಯಾರಿದಾರೆ?"

"ಯಾರೂ ಇಲ್ಲ ಡಾಕ್ಟ್ರೆ."

"ನಿಮಗೆ?"

"ಬರಲ್ಲ," ಅಂದಳು ಗಂಗರತ್ನ. ಹೇಳುವಾಗ ತಲೆ ತಗ್ಗಿತು. ಮದುವೆಯಾದ ಹೊಸತರಲ್ಲಿ ಅವನು ಕಲಿಸುತ್ತೇನೆಂದು ಎಷ್ಟು ಸಲ ಕೂರಿಸಿಕೊಂಡಿದ್ದ! ಆಫೀಸು, ಅಡುಗೆ, ರಿಹರ್ಸಲ್ಲು ಅಂತ ಅವಳು ಪ್ರತಿ ಸಲವೂ ಎದ್ದುಹೋಗಿದ್ದಳು. "ನೀವು ಕನ್ನಡ ಕಲಿತಿದೀರಲ್ಲ, ಮನೆಗೊಂದು ಭಾಷೆ ಸಾಕು ಬಿಡ್ರಿ" ಎಂದು ನಕ್ಕಿದ್ದಳು. ಅವನೂ ನಕ್ಕು ಸುಮ್ಮನಾಗಿದ್ದ.

ಇಲ್ಯಾ ಮಾತ್ವೆಯೆವಿಚ್ ಗೋರಿನ್ ಹುಟ್ಟಿದ್ದು ವೋಲ್ಗಾ ನದಿಯ ದಡದ ಒಂದು ಸಣ್ಣ ಊರಿನಲ್ಲಿ. ಅಪ್ಪ ಯುದ್ಧದಲ್ಲಿ ಸತ್ತಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಅಮ್ಮ ಊರಿನ ರಂಗಮಂದಿರದಲ್ಲಿ ನಟರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ರಾಜರ ನಿಲುವಂಗಿಗಳ ರಾಶಿಯ ಮೇಲೆ ಮಲಗಿ ಬೆಳೆದ ಹುಡುಗ ಲೆನಿನ್‌ಗ್ರಾಡಿಗೆ ಹೋಗಿ ನಿರ್ದೇಶನ ಕಲಿತ. ಮೂವತ್ತು ದಾಟುವ ಹೊತ್ತಿಗೆ ಮಿಲ್ಲುಗಳ ಊರೊಂದರ ನಾಟಕಶಾಲೆ ಅವನ ಕೈಗೆ ಬಂತು. ಅಲ್ಲಿ ಅವನು ಆಡಿಸಿದ ಒಂದು ನಾಟಕವೇ ಅವನನ್ನು ಮುಳುಗಿಸಿತು.

ದೋಣಿ ಕಡವಿನಲ್ಲಿ ಒಬ್ಬ ಮುದುಕಿ. ಮಗ ಯುದ್ಧಕ್ಕೆ ಹೋಗಿದ್ದಾನೆ. ಕಡವು ದಾಟಲು ಬರುವ ಪ್ರತಿಯೊಬ್ಬ ಸೈನಿಕನನ್ನೂ ಅವಳು ಮಗನೆಂದೇ ಕರೆದು ಊಟ ಬಡಿಸುತ್ತಾಳೆ. ಮಗ ಮಾತ್ರ ಬರುವುದಿಲ್ಲ. ಇಷ್ಟೇ ಕಥೆ. ಕೊನೆಯಲ್ಲಿ ಮಗ ಪದಕ ಧರಿಸಿಕೊಂಡು ಬರಬೇಕು ಎಂದರು ಮೇಲಿನ ಅಧಿಕಾರಿಗಳು. "ಬರಲಿಲ್ಲವಲ್ಲ," ಎಂದ ಇಲ್ಯಾ. "ನಮ್ಮಪ್ಪನೂ ಬರಲಿಲ್ಲ." ಕೆಲವೇ ಪ್ರದರ್ಶನಗಳಾಗಿ ನಾಟಕಕ್ಕೆ ಬೀಗ ಬಿತ್ತು. ಅವನನ್ನು ದೂರದ ಊರಿನ ಗೊಂಬೆಯಾಟದ ಮಂದಿರಕ್ಕೆ ಎತ್ತಿಹಾಕಿದರು. ಹೆಂಡತಿ ಜೊತೆಗೆ ಹೋಗಲಿಲ್ಲ, ಮುಂದೆ ವಿಚ್ಛೇದನ ಪಡೆದಳು. ಮಗಳು ವೇರಾಗೆ ಆಗ ಏಳು ವರ್ಷ. ಬೇಸಿಗೆಗೆ ಬರ್ತೀನಿ ಎಂದು ರೈಲಿನ ಕಿಟಕಿಯಿಂದ ಹೇಳಿ ಹೋದವನು ಆ ಬೇಸಿಗೆಗೂ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಮೊದಲು ರಜೆ ಸಿಗಲಿಲ್ಲ, ಆಮೇಲೆ ಕುಡಿತ, ಆಮೇಲೆ ಬರೀ ನಾಚಿಕೆ.

ಎಂಬತ್ತರ ದಶಕದ ಕೊನೆ. ಎರಡೂ ದೇಶಗಳ ನಡುವೆ ಕಲಾತಂಡಗಳು ಓಡಾಡುತ್ತಿದ್ದ ಕಾಲ. ಹಾಗೆ ಬಂದ ಒಂದು ತಂಡದಲ್ಲಿ ಇಲ್ಯಾನೂ ಇದ್ದ. ಮಲ್ಲೇಶ್ವರದ ಒಂದು ಶಾಲೆಯ ಹಾಲಿನಲ್ಲಿ ಹವ್ಯಾಸಿ ಕಲಾವಿದರಿಗೆ ಅವನಿಂದ ಶಿಬಿರ. ವಿದ್ಯುತ್ ಮಂಡಳಿಯಲ್ಲಿ ಗುಮಾಸ್ತೆಯಾಗಿದ್ದ ಗಂಗರತ್ನ ಆಫೀಸಿನ ನಾಟಕ ತಂಡದ ಜೊತೆ ಹೋಗಿದ್ದಳು. ಮಿಲ್ ಕಾರ್ಮಿಕ ಅಪ್ಪಯ್ಯನ ಮಗಳು. ಅವರ ಮನೆಯಲ್ಲಿ ಆಫೀಸಿನ ಕುರ್ಚಿಯ ಮೇಲೆ ಕೂತ ಮೊದಲನೆಯವಳು. ತಂಡದಲ್ಲಿ ಅವಳಿಗೆ ಸಿಗುತ್ತಿದ್ದದ್ದು ಕೆಲಸದವಳ ಪಾತ್ರ. ಕಸ ಗುಡಿಸುತ್ತಾ ಬಂದು, "ಅಮ್ಮಾವ್ರೇ, ಯಾರೋ ಬಂದವ್ರೆ" ಎಂದು ಹೇಳಿ ಒಳಗೆ ಹೋಗುವುದು. ಬೇರೆ ಪಾತ್ರ ಯಾಕೆ ಕೊಡುವುದಿಲ್ಲವೆಂದು ಅವಳು ಕೇಳಿರಲಿಲ್ಲ. ಕೇಳದೆಯೂ ಗೊತ್ತಿತ್ತು.

ಶಿಬಿರದ ಮೊದಲ ದಿನ ಇಲ್ಯಾ ಒಬ್ಬೊಬ್ಬರನ್ನೇ ರಂಗದ ಮೇಲೆ ಕರೆದು, ಬರದೇ ಇರುವ ಯಾರಿಗೋ ಕಾಯಿರಿ ಎಂದ. ಒಬ್ಬರು ಗಡಿಯಾರ ನೋಡಿಕೊಂಡರು, ಇನ್ನೊಬ್ಬರು ನಿಟ್ಟುಸಿರುಬಿಟ್ಟರು, ಮತ್ತೊಬ್ಬರು ಶತಪಥ ಹಾಕಿದರು. ಕೊನೆಗೆ ಹಿಂದಿನ ಸಾಲಿನಿಂದ ಗಂಗರತ್ನಳನ್ನು ಕರೆದ. ಅವಳು ಹೋಗಿ ಸುಮ್ಮನೆ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತಳು. ಹಾಲಿನಲ್ಲಿ ಕೆಮ್ಮುತ್ತಿದ್ದವರ ಸದ್ದೂ ಅಡಗಿತು.

"ಯಾರಿಗೆ ಕಾಯ್ತಿದೀಯ?" ಎಂದು ದುಭಾಷಿಯ ಮೂಲಕ ಕೇಳಿದ.

"ನಮ್ಮಪ್ಪಂಗೆ ಸಾರ್. ಮಿಲ್ ಸ್ಟ್ರೈಕ್‌ನಲ್ಲಿ ಪೊಲೀಸ್ನೋರು ಎಳ್ಕೊಂಡೋಗಿದ್ರು. ಆಗ ನಾನು ಚಿಕ್ಕೋಳು. ಬಿಟ್ಟು ಕಳ್ಸೋತನಕ ಬಾಗ್ಲಲ್ಲೇ ಕೂತಿದ್ದೆ."

ಆ ಶಿಬಿರದ ನಾಟಕದಲ್ಲಿ ಮುಖ್ಯ ಪಾತ್ರ ಅವಳಿಗೆ ಬಂತು. ತಂಡದ ಹಳಬರು ಗುಸುಗುಸು ಮಾಡಿದರು, ಇಬ್ಬರು ಬಿಟ್ಟೇ ಹೋದರು. ಅವನು ತಲೆಕೆಡಿಸಿಕೊಳ್ಳಲಿಲ್ಲ. ಶಿಬಿರ ಮುಗಿದು ತಂಡ ವಾಪಸು ಹೊರಟಾಗ, ಏನೇನೋ ಕಾಗದಪತ್ರ ಹೊಂದಿಸಿಕೊಂಡು ಅವನೊಬ್ಬ ಉಳಿದುಕೊಂಡ.

ಚಾಮರಾಜಪೇಟೆಯ ವಠಾರಕ್ಕೆ ಮೊದಲ ಸಲ ಬಂದಾಗ ಅಪ್ಪಯ್ಯ ಅವನ ಮುಂದೆ ರಾಗಿಮುದ್ದೆ, ಸೊಪ್ಪಿನ ಸಾರು ಇಟ್ಟರು. ಇಲ್ಯಾ ಮುದ್ದೆಯನ್ನು ಅಗಿಯತೊಡಗಿದ. "ಅಗೀಬಾರ್ದು ಕಣಯ್ಯ, ನುಂಗು!" ಎಂದರು ಅಪ್ಪಯ್ಯ. ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ತುತ್ತು ಮುರಿದ. ಅಪ್ಪಯ್ಯ ಒಳಗೆ ಬಂದು ಮಗಳಿಗೆ, "ಇವ್ನು ಉಳೀತಾನೆ ಕಣಮ್ಮ" ಎಂದರು. ವಠಾರದವರ ಬಾಯಲ್ಲಿ ಇಲ್ಯಾ ಎಂಬುದು ಇಲ್ಲಯ್ಯ ಆಯಿತು. "ಇಲ್ಲಯ್ಯ ಇದಾರಾ?" ಎಂದು ಮಕ್ಕಳು ಬಾಗಿಲಲ್ಲಿ ಕೇಳಿ, ತಮ್ಮ ಮಾತಿಗೆ ತಾವೇ ನಗುತ್ತಿದ್ದವು.

ತೊಂಬತ್ತೊಂದರಲ್ಲಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಅದೇ ವರ್ಷದ ಕೊನೆಗೆ ಅವನ ದೇಶವೇ ಇಲ್ಲವಾಯಿತು. ಪಾಸ್‌ಪೋರ್ಟಿನ ಮೇಲಿದ್ದ ದೇಶದ ಹೆಸರು ಯಾವ ನಕ್ಷೆಯಲ್ಲೂ ಇರಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಹೊಸ ಕಾಗದ ಕೈಗೆ ಬರುವಷ್ಟರಲ್ಲಿ ಅಲ್ಲಿ ಅಮ್ಮ ತೀರಿಕೊಂಡಿದ್ದಳು. ಆಮೇಲೆ ಅವನು ಹೋಗುವ ಮಾತೇ ಆಡಲಿಲ್ಲ. "ಹೋಗಿ ಯಾರ ಮನೆ ಬಾಗ್ಲು ತಟ್ಲಿ ಗಂಗಾ?" ಎನ್ನುತ್ತಿದ್ದ.

ಎನ್.ಆರ್. ಕಾಲೋನಿಯಲ್ಲಿ ಮನೆ ಹುಡುಕುವಾಗ ಗಂಗರತ್ನ ಒಬ್ಬಳೇ ಹೋದ ಕಡೆಯೆಲ್ಲ, ನೀವು ಯಾವ ಪೈಕಿ ಎಂದು ಕೇಳಿ, ಮನೆ ಖಾಲಿಯಿಲ್ಲ ಎಂದಿದ್ದರು. ಬಿಳಿ ಗಂಡ ಜೊತೆಗೆ ಬಂದ ದಿನ ಅಂಥದ್ದೇ ಒಂದು ಮನೆಯ ಬಾಗಿಲು ತೆರೆಯಿತು, ಕಾಫಿಯೂ ಬಂತು. ಇಲ್ಯಾ ಆ ಕಾಫಿ ಮುಟ್ಟದೆ ಎದ್ದ. ಅವಳೇ ಅವನ ತೋಳು ಹಿಡಿದು ಕೂರಿಸಿದಳು. "ಆಫೀಸಿಗೆ ಹತ್ರ ಕಣ್ರೀ. ಕುಡೀರಿ." ಆ ಮನೆಯಲ್ಲೇ ಬಾಳು ಸಾಗಿತು. ಮಕ್ಕಳಾಗಲಿಲ್ಲ.

ದೊಡ್ಡ ನಿರ್ದೇಶಕನೆಂಬ ಹೆಸರು ಅವನಿಗೆ ಇಲ್ಲಿ ಬರಲಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸಿದ, ಕಾಲೇಜುಗಳ ಸ್ಪರ್ಧೆಗೆ ಹುಡುಗರನ್ನು ತಯಾರು ಮಾಡಿದ. ಅವನ ಗಲ್ಲಿ ಕನ್ನಡ ಕೇಳಿ ದೊಡ್ಡ ತಂಡಗಳವರು ನಗುತ್ತಿದ್ದರು. ಅವನ ಆಸೆಯೆಲ್ಲ ಬೀಗ ಬಿದ್ದ ಆ ನಾಟಕವನ್ನು ಕನ್ನಡದಲ್ಲಿ ಕಟ್ಟುವುದು, ಗಂಗರತ್ನ ಮುದುಕಿಯ ಪಾತ್ರ ಮಾಡುವುದು. "ನಿಂಗೆ ವಯಸ್ಸಾಗ್ಲಿ, ಕಾಯ್ತೀನಿ" ಎನ್ನುತ್ತಿದ್ದ. ತಂಡ ಕಟ್ಟಿದಾಗಲೆಲ್ಲ ಒಡೆಯಿತು. ಕೊನೆಗೆ ಅವನ ಹಳೆಯ ವಿದ್ಯಾರ್ಥಿನಿ, ಶಾಲಾ ಶಿಕ್ಷಕಿ ಹೇಮಶ್ರೀ, ತನ್ನ ಗೆಳೆಯರನ್ನೆಲ್ಲ ಕೂಡಿಹಾಕಿಕೊಂಡು ಬಂದು, "ಸಾರ್, ನಾವು ಮಾಡೋಣ" ಎಂದಳು. ರಿಹರ್ಸಲ್ ಭರದಿಂದ ಸಾಗಿತ್ತು. ಎಂಬತ್ತು ದಾಟಿದ ಇಲ್ಯಾ ಹುಡುಗನಂತೆ ಓಡಾಡುತ್ತಿದ್ದ. ಅಷ್ಟರಲ್ಲಿ ಆ ಸೋಮವಾರ ಬಂತು.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಇಲ್ಯಾ ಮಾತಾಡುತ್ತಲೇ ಇದ್ದ. ಕೇಳುತ್ತಿದ್ದ, ಕಾಯುತ್ತಿದ್ದ, ಉತ್ತರ ಬಾರದಿದ್ದಾಗ ಸಿಟ್ಟಾಗುತ್ತಿದ್ದ. ನೀರು ಬೇಕೋ, ನೋವೋ, ಯಾರನ್ನಾದರೂ ಕರೆಯುತ್ತಿದ್ದಾನೋ, ಗಂಗರತ್ನಳಿಗೆ ತಿಳಿಯುತ್ತಿರಲಿಲ್ಲ. ನೀರಿನ ಲೋಟ, ಹೊದಿಕೆ, ಮಾತ್ರೆ ಒಂದೊಂದೇ ತಂದು ತೋರಿಸುವಳು. ಅವನು ಅಲ್ಲವೆಂದು ತಲೆಯಾಡಿಸುವನು. ಕೊನೆಗೆ ಇಬ್ಬರೂ ಸೋಲುವರು.

ಹೇಮಶ್ರೀ ಎಲ್ಲೆಲ್ಲೋ ವಿಚಾರಿಸಿ ಶೇಷಾದ್ರಿಪುರಂನಿಂದ ಪ್ರಿಯಂವದಾ ಮೇಡಂ ಅವರನ್ನು ಕರೆತಂದಳು. ರಷ್ಯನ್ ಕಲಿಸಿ ನಿವೃತ್ತರಾದವರು. ಅವರು ಮಂಚದ ಪಕ್ಕ ಕೂತು ಎರಡು ಮಾತಾಡಿದ್ದೇ ತಡ, ಇಲ್ಯಾನ ಮುಖವೆಲ್ಲ ಅರಳಿತು. ಅವನು ಹೇಳುತ್ತಾ ಹೋದ. ಮೇಡಂ ಕೇಳುತ್ತಾ ಹೋದರು. ಗಂಗರತ್ನ ಅವರ ತೋಳು ಹಿಡಿದಳು.

"ಏನಂತೆ ಮೇಡಂ? ನಿಜ ಹೇಳಿ."

"ನೀವು ಯಾರು ಅಂತ ಕೇಳ್ತಿದಾರಮ್ಮ."

"ನಾನು ನಿಮ್ಮ ಹೆಂಡ್ತಿ ಗಂಗಾ ಅನ್ನೋದಕ್ಕೆ ಏನನ್ಬೇಕು? ಹೇಳ್ಕೊಡಿ."

ಪಾತ್ರಗಳನ್ನೆಲ್ಲ ಕಿವಿಯಿಂದಲೇ ಕಲಿತವಳು ಅವಳು. ಒಂದೆರಡು ಸಲ ಕೇಳಿ, ಗಂಡನ ಕೈ ಹಿಡಿದು, ಆ ವಾಕ್ಯವನ್ನು ಅವನ ಭಾಷೆಯಲ್ಲಿ ಹೇಳಿದಳು. ಇಲ್ಯಾ ಅವಳನ್ನೇ ನೋಡಿ, ಸಂಕೋಚದಿಂದ ನಕ್ಕು, ಮೆಲ್ಲಗೆ ಏನೋ ಅಂದ.

ಮೇಡಂ ಕಣ್ಣು ತಗ್ಗಿಸಿದರು. "ನನ್ನ ಹೆಂಡತಿ ಕೂದಲು ಹೊಂಬಣ್ಣದ್ದು ಅಂತಿದಾರೆ. ನೀವು ತುಂಬಾ ಒಳ್ಳೆಯವರಂತೆ. ನಿಮ್ಮ ಮನೇಲಿ ಕಾಯ್ತಿರ್ತಾರೆ, ಕತ್ತಲಾಗೋದ್ರೊಳಗೆ ಹೊರಡಿ ಅಂತಿದಾರೆ."

ಗಂಗರತ್ನ ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಕನ್ನಡದ ಜೊತೆಗೆ ಕನ್ನಡದ ಬದುಕೂ ಹೋಗಿತ್ತು. ಅಪ್ಪಯ್ಯ, ವಠಾರ, ಮದುವೆ, ಯಾವುದೂ ಉಳಿದಿರಲಿಲ್ಲ. ಅವನು ಈಗ ಇರುವುದು ಗೊಂಬೆಯಾಟದ ಊರಿನಲ್ಲಿ. ಅವನು ಕಾಯುತ್ತಿರುವುದು ವೇರಾಳಿಗೆ. ರೈಲು ಬಂತೇ, ಮಗು ಇಳಿಯಿತೇ ಎಂಬುದೊಂದೇ ಪ್ರಶ್ನೆ.

ವೇರಾಳ ನಂಬರ್ ಅವನ ಫೋನಿನಲ್ಲಿತ್ತು. ಹಳೆಯ ನಟನೊಬ್ಬನಿಂದ ಸಂಪಾದಿಸಿ, ವರ್ಷಕ್ಕೊಮ್ಮೆ ಅವಳ ಹುಟ್ಟುಹಬ್ಬದ ದಿನ ಮಾತಾಡುತ್ತಿದ್ದ. ಒಂದೇ ನಿಮಿಷದ ಮಾತು. ಆಮೇಲೆ ದಿನವಿಡೀ ಮಂಕಾಗಿ ಕೂರುತ್ತಿದ್ದ. ಗಂಗರತ್ನ ಮೇಡಂ ಕೈಯಲ್ಲಿ ಫೋನ್ ಮಾಡಿಸಿದಳು. "ಒಂದೇ ಸಲ ವೀಡಿಯೋದಲ್ಲಿ ಮುಖ ತೋರಿಸ್ಲಿ ಅನ್ನಿ ಮೇಡಂ. ಕಾಲಿಗೆ ಬೀಳ್ತೀನಿ ಅನ್ನಿ."

ಆ ಕಡೆಯಿಂದ ಐವತ್ತು ದಾಟಿದ ಹೆಂಗಸಿನ ತಣ್ಣನೆಯ ದನಿ. ಮೇಡಂ ಅದನ್ನು ಹಾಗೇ ಹೇಳಿದರು: "ಆತ ಕೇಳುತ್ತಿರೋದು ಏಳು ವರ್ಷದ ಹುಡುಗೀನ. ಅವಳು ಆ ಬೇಸಿಗೆಯೆಲ್ಲ ಸ್ಟೇಷನ್‌ಗೆ ಹೋಗಿ ನಿಂತಿದ್ಳು. ಅವಳೀಗ ಇಲ್ಲ. ದಯವಿಟ್ಟು ನನ್ನನ್ನ ಬಲವಂತ ಮಾಡಬೇಡಿ."

ಇದಾದ ಕೆಲವು ದಿನಗಳಲ್ಲೇ ಇಲ್ಯಾಗೆ ಇನ್ನೊಂದು ಸ್ಟ್ರೋಕ್ ಆಗಿ, ಕಣ್ಣು ಪೂರ್ತಿ ಮಂಜಾಯಿತು. ಊಟ ಸೇರದಾಯಿತು. ಒಂದು ಮಧ್ಯಾಹ್ನ ಗಂಗರತ್ನ ಗಂಜಿ ಹಿಡಿದು ಬಂದಾಗ ಬಳೆಯ ಸದ್ದಿಗೆ ಕತ್ತು ತಿರುಗಿಸಿ ಕೇಳಿದ:

"ವೇರಾ?"

ಅವನು ಮತ್ತೆರಡು ಸಲ ಕರೆದು, ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ಗಂಜಿ ಆರಿಹೋಯಿತು. ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಪ್ರಶ್ನೆ. ಬಾಗಿಲಲ್ಲಿ ನಿಂತ ಗಂಗರತ್ನಳಿಗೆ ರಿಹರ್ಸಲ್‌ನಲ್ಲಿ ಅವನು ಹುಡುಗರಿಗೆ ಹೇಳುತ್ತಿದ್ದ ಮಾತು ನೆನಪಾಯಿತು. 'ಎದುರಿಗಿರೋನಿಗೆ ಏನ್ ಬೇಕೋ ಅದನ್ನ ಕೊಡ್ರೋ. ನಿಮಗೇನ್ ಬೇಕು ಅನ್ನೋದನ್ನ ಮನೇಲಿಟ್ಟು ಬನ್ನಿ.'

"ದಾ, ಪಾಪಾ," ಎಂದಳು. ಹೌದು, ಅಪ್ಪಾ.

ಇಲ್ಯಾ ಎಡಗೈ ಚಾಚಿದ. ಅವಳು ಹೋಗಿ ಹಿಡಿದುಕೊಂಡಳು. ಅವನು ಆ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತ. ಆಮೇಲೆ ಗಂಜಿ ಕುಡಿದ.

ಅವತ್ತಿನಿಂದ ಅವಳು ವೇರಾ. ಪ್ರಿಯಂವದಾ ಮೇಡಂ ಬಂದಾಗಲೆಲ್ಲ ಹಾಲಿನಲ್ಲಿ ಕೂತು ಪಾಠ ಹೇಳಿಸಿಕೊಳ್ಳುವಳು. ತಿನ್ನಿ, ಮಲಗಿ, ನಾನಿಲ್ಲೇ ಇದ್ದೀನಿ, ಚಳಿಯಿಲ್ಲ. ದನಿಯಲ್ಲಿ ಹೆಂಡತಿಯ ಸಲಿಗೆ ಇಣುಕದಂತೆ ಎಚ್ಚರ ವಹಿಸುವಳು. ಗಂಡನ ಹಣೆಗೆ ಮುತ್ತಿಡಬೇಕೆನಿಸಿದರೂ ಮಗಳು ಇಡುವ ಹಾಗೆ ಇಡಬೇಕು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದವನ ಮುಂದೆ ತನ್ನ ಹೆಸರನ್ನೇ ಎತ್ತುವ ಹಾಗಿರಲಿಲ್ಲ. ಒಮ್ಮೆ ಮಾತ್ರ, ಹಾಸಿಗೆ ಬದಲಿಸುವಾಗ ಬಾಯಿತಪ್ಪಿ "ರೀ" ಎಂದುಬಿಟ್ಟಳು. ಅವನು ಬೆಚ್ಚಿ, ಯಾರದು ಎಂದು ಕೇಳಿದ. "ವೇರಾ," ಎಂದಳು ಗಂಗರತ್ನ.

ಶಶಿ ಇದನ್ನೆಲ್ಲ ನೋಡಲಾರದೆ ಹೇಳಿದ: "ಅಕ್ಕಾ, ಸಾಕು ಮಾಡು. ನೀನು ಯಾರು ಅಂತಾನೇ ಗೊತ್ತಿಲ್ದೆ ಹೊರಟೋಗ್ತಾರೆ ಭಾವ."

"ನಂಗೊತ್ತಲ್ಲೋ, ಅವ್ರು ಯಾರು ಅಂತ. ಅಷ್ಟು ಸಾಕು."

ಸಾಕಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಕಾರ್ತಿಕ ಮಾಸದ ಹೊತ್ತಿಗೆ ಉಸಿರು ಮೇಲಕ್ಕೆ ಹತ್ತಿತು. ಇಲ್ಯಾ ಒಂದೇ ಮಾತನ್ನು ಮತ್ತೆಮತ್ತೆ ಹೇಳತೊಡಗಿದ: "ಪ್ರಸ್ತೀ." ಕ್ಷಮಿಸು ಎಂದರ್ಥ, ಎಂದರು ಮೇಡಂ.

"ಕ್ಷಮಿಸಿದೀನಿ ಅನ್ನೋಕೆ?"

ಮೇಡಂ ಹಿಂದೆಮುಂದೆ ನೋಡಿದರು. "ಗಂಗಮ್ಮ, ಬೇರೆಲ್ಲ ಸರಿ. ಅದನ್ನ ನೀವು ಹೇಳ್ಬಹುದಾ? ಅದು ಆ ಹುಡುಗೀದು."

"ಆ ಹುಡುಗಿ ಹೇಳಲ್ವಲ್ಲ ಮೇಡಂ. ಇವ್ರ ಜೀವ ಅಲ್ಲೇ ಸಿಕ್ಕೊಂಡಿದೆ, ನೋಡಿ."

ಮೇಡಂ ಹೇಳಿಕೊಟ್ಟರು. ಗಂಗರತ್ನ ಅವನ ಕಿವಿಯ ಹತ್ತಿರ ಬಾಗಿ, "ಪ್ರಷಾಯು, ಪಾಪಾ" ಎಂದಳು. ಅವನ ಹುಬ್ಬಿನ ಗಂಟು ಬಿಚ್ಚಿತು. ಮಾರನೆಯ ದಿನ, ಬೀದಿಯಲ್ಲಿ ಹೂವಿನವಳು ಕೂಗುತ್ತಾ ಹೋಗುವ ಹೊತ್ತಿಗೆ, ಉಸಿರು ನಿಂತಿತು. ಗಂಗಾ ಎಂಬ ಹೆಸರು ಕೊನೆಯವರೆಗೂ ಅವನ ಬಾಯಲ್ಲಿ ಬರಲಿಲ್ಲ.

ಅವಳು ಅಳಲಿಲ್ಲ. ಸುಡುಗಾಡಿನಲ್ಲೂ ಅಳಲಿಲ್ಲ. ಶಶಿಯ ಹೆಂಡತಿ ಬೆನ್ನು ಸವರಿ, "ಅತ್ತುಬಿಡಿ ಅತ್ತಿಗೆ" ಎಂದಾಗ, ಯಾರಿಗೋ ಹೇಳುತ್ತಿದ್ದಾಳೆ ಎಂಬಂತೆ ನೋಡಿದಳು.

ಸಾವಿನ ಸುದ್ದಿಯನ್ನು ಮೇಡಂ ವೇರಾಗೆ ತಿಳಿಸಿದ್ದರು. ಒಂದು ವಾರದ ಮೇಲೆ, ಮೇಡಂ ಮನೆಗೆ ಬಂದಿದ್ದಾಗ ಅವಳೇ ಫೋನ್ ಮಾಡಿದಳು. ಮೇಡಂ ಸ್ಪೀಕರ್ ಹಾಕಿದರು. ಕೊನೆಗೆ ಏನಾದರೂ ಹೇಳಿದರೇ ಎಂದು ವೇರಾ ಕೇಳುತ್ತಿದ್ದಳು.

"ಮುಚ್ಚಿಡಬೇಡಿ ಮೇಡಂ. ನಡೆದದ್ದನ್ನ ನಡೆದ ಹಾಗೇ ಹೇಳಿ," ಎಂದಳು ಗಂಗರತ್ನ. ತಾನು ವೇರಾ ಆದದ್ದು, ಅವನು ಕ್ಷಮೆ ಕೇಳಿದ್ದು, ತಾನು ಕೊಟ್ಟದ್ದು. ಮೇಡಂ ನಿಧಾನವಾಗಿ ಎಲ್ಲ ಹೇಳಿದರು. ಆಮೇಲೆ ಆ ಕಡೆಯ ದನಿ ಬಂತು. ಈ ಸಲ ತಣ್ಣಗಿರಲಿಲ್ಲ, ಒಡೆದಿತ್ತು.

"ನಾನು ಅವರನ್ನ ಕ್ಷಮಿಸಿರಲಿಲ್ಲ," ಎಂದು ಮೇಡಂ ಕನ್ನಡದಲ್ಲಿ ಹೇಳುತ್ತಾ ಹೋದರು. "ಮುಂದೆ ಯಾವತ್ತಾದ್ರೂ ಕ್ಷಮಿಸ್ತಿದ್ನೋ ಏನೋ. ಅದಕ್ಕೇ ಪ್ರತಿ ವರ್ಷ ಫೋನ್ ಎತ್ತುತ್ತಿದ್ದೆ. ನನ್ನ ಹತ್ರ ಇದ್ದಿದ್ದು ಅದೊಂದೇ. ನೀವು ಅದನ್ನೂ ಕೊಟ್ಬಿಟ್ರಿ."

ಫೋನ್ ಕಟ್ಟಾಯಿತು. ಗಂಗರತ್ನ ಮತ್ತೆ ಮಾಡಿಸಿದಳು. ಯಾರೂ ಎತ್ತಲಿಲ್ಲ.

ಹೇಮಶ್ರೀ ನಾಟಕ ಬಿಡಲಿಲ್ಲ. ಮುದುಕಿಯ ಪಾತ್ರ ನೀವೇ ಮಾಡಿ ಆಂಟಿ ಎಂದು ಎಷ್ಟೋ ಬೇಡಿಕೊಂಡಳು. "ಇನ್ನು ನನ್ನ ಕೈಲಿ ಬೇರೆಯವ್ರಾಗೋಕೆ ಆಗಲ್ಲ ಕಣಮ್ಮ," ಎಂದಳು ಗಂಗರತ್ನ. ತಂಡದಲ್ಲಿದ್ದ ಬ್ಯಾಂಕ್ ಉದ್ಯೋಗಿ ಶಿವಕುಮಾರಿ ಆ ಪಾತ್ರಕ್ಕೆ ಒಪ್ಪಿದಳು. ಒಂದು ಭಾನುವಾರ ಮಧ್ಯಾಹ್ನ ಚಾಮರಾಜಪೇಟೆಯ ಹಾಲೊಂದರಲ್ಲಿ ಪ್ರದರ್ಶನವಾಯಿತು. ಬಾಗಿಲಲ್ಲಿ ಇಲ್ಯಾನ ಫೋಟೋಕ್ಕೆ ಹಾರ ಹಾಕಿದ್ದರು. ಕುರ್ಚಿಗಳು ಅರ್ಧ ತುಂಬಿದ್ದವು. ವಠಾರದ ಹಳಬರೂ ಬಂದಿದ್ದರು.

ಮುದುಕಿ ಯಾವುದೋ ಸೈನಿಕನ ತಲೆ ಸವರಿ ಊಟ ಬಡಿಸುವ ದೃಶ್ಯ ಬಂದಾಗ ಗಂಗರತ್ನ ಎದ್ದು ಹೊರಗೆ ಬಂದಳು. ಪ್ರಿಯಂವದಾ ಮೇಡಂ ಹಿಂದೆಯೇ ಬಂದರು. ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಆ ಹುಡುಗಿ ಹೇಳಿದ್ದು ಸರಿ ಅಲ್ವಾ ಮೇಡಂ?"

"ಸರಿ."

"ನಾನು ಹಂಗೆ ಹೇಳ್ದೆ ಇದ್ದಿದ್ರೆ, ಇವ್ರು ಅದನ್ನೇ ಕೇಳ್ತಾ ಕೇಳ್ತಾ ಹೋಗ್ತಿದ್ರು."

"ಅದೂ ಸರಿನೇ ಗಂಗಮ್ಮ."

ರಸ್ತೆಯಲ್ಲಿ ಬಸ್ಸೊಂದು ಸದ್ದು ಮಾಡುತ್ತಾ ಹೋಯಿತು. ಗಂಗರತ್ನ ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದವಳು, "ಒಂದ್ಸಲನಾದ್ರೂ ನನ್ನ ಹೆಸ್ರು ಹಿಡಿದು ಕರೀಬೇಕಿತ್ತು ಮೇಡಂ," ಎಂದಳು. ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ, ಮೊಣಕಾಲಿಗೆ ಹಣೆ ಹಚ್ಚಿ ಜೋರಾಗಿ ಅತ್ತಳು. ಮೇಡಂ ಅವಳ ಸೆರಗಿನ ಚುಂಗು ನೆಲಕ್ಕೆ ಬೀಳದಂತೆ ಎತ್ತಿ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದರು.